ತೂತಿಲ್ಲದ ಕೊಳವೆ

ಬೇಡ ಎನ್ನಲು ಬಾರದವನು ಲೇತ್ ಮುಂದೆ ನಿಲ್ಲಬಾರದು. ಮರಿಕಿನಾ ಊರಿನ ಬೋಯೊಂಗ್ ಮೂವತ್ತು ವರ್ಷ ನಿಂತ. ಮೊದಲು ಚಪ್ಪಲಿ ಕಾರ್ಖಾನೆಗಳ ಯಂತ್ರಗಳಿಗೆ ಬಿಡಿಭಾಗ ಮಾಡುತ್ತಿದ್ದ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಬ್ಯಾಟರಿ ಸಿಗರೇಟಿನಂತೆ ಹೊಗೆ ಸೇದುವ ಹಿತ್ತಾಳೆ ಕೊಳವೆಗಳಿಗೆ ಕೈಹಾಕಿದ. ಸೇದುವವರು ಅದನ್ನು ಮೆಕ್ ಎನ್ನುತ್ತಾರೆ. ಅದರಲ್ಲಿ ಚಿಪ್ ಇಲ್ಲ, ಫ್ಯೂಸ್ ಇಲ್ಲ. ಹೊಟ್ಟೆಯೊಳಗೊಂದು ದಪ್ಪ ಬ್ಯಾಟರಿ, ಮೇಲೆ ಸುರುಳಿ ಇರುವ ತಲೆ, ಕೆಳಗೊಂದು ಗುಂಡಿ, ಅಷ್ಟೇ. ಗುಂಡಿ ಒತ್ತಿದರೆ ಬ್ಯಾಟರಿಯ ಶಕ್ತಿಯೆಲ್ಲ ಒಮ್ಮೆಲೇ ಸುರುಳಿಗೆ ನುಗ್ಗುತ್ತದೆ, ಅದು ಕಾದು ತಲೆಯಲ್ಲಿನ ರಸ ಹೊಗೆಯಾಗುತ್ತದೆ. ಹೆಚ್ಚುಕಮ್ಮಿಯಾದರೆ ತಡೆಯುವವರು ಯಾರೂ ಇಲ್ಲ.

ಅದಕ್ಕೇ ಬೋಯೊಂಗ್ ಪ್ರತಿ ಕೊಳವೆಯ ಬುಡದಲ್ಲೂ ಮೂರು ತೂತು ಕೊರೆಯುತ್ತಿದ್ದ. ಬ್ಯಾಟರಿ ಕೆಟ್ಟು ಬಿಸಿ ಗಾಳಿ ಉಗುಳಿದರೆ ಹೊರಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಅದು ಬಾಂಬು. ಇದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹೇಳಿ ಕೆಡಿಸಿದವನು ಮಾತ್ರ ಒಬ್ಬನಿದ್ದ, ಅವನ ಕುಂಪಾರೆ ರುಫಿನೋ. ರುಫಿನೋನ ಮಗನಿಗೆ ಜ್ಞಾನಸ್ನಾನವಾದಾಗ ಬೋಯೊಂಗನೇ ಮಗುವನ್ನು ಎತ್ತಿಕೊಂಡು ನಿಂತಿದ್ದ. ಅಂಥ ನಂಟು ರಕ್ತಸಂಬಂಧಕ್ಕಿಂತ ಬಿಗಿ.

"ಪಾರೆ, ನಂಗೆ ನಲವತ್ತು ತುಂಬ್ತಿದೆ. ಒಂದು ಸ್ಪೆಷಲ್ ಮಾಡ್ಕೊಡು. ಸುತ್ತ ನಮ್ಮೂರ ಚರ್ಚಿನ ಮಾತೆ ಕೆತ್ತಿರ್ಬೇಕು, ಬುಡದಲ್ಲಿ ಅವಳ ಪಾದ ಬರ್ಬೇಕು."

"ಬುಡದಲ್ಲಿ ತೂತು ಬೇಕಲ್ಲೋ."

"ತಾಯಿ ಪಾದಕ್ಕೆ ತೂತು ಕೊರೀತೀಯಾ? ನನ್ನ ಮಗನ್ನ ಎತ್ಕೊಂಡ ಕೈ ಕಣೋ ಅದು!"

ಬೋಯೊಂಗ್ ತಲೆ ಕೆರೆದುಕೊಂಡ. ಪಕ್ಕಕ್ಕಾದರೂ ಕೊರೆಯೋಣವೆಂದರೆ ಅಲ್ಲಿ ದೇವದೂತರು. ಕೊನೆಗೆ ಕೊರೆಯಲೇ ಇಲ್ಲ. ಬದಲಿಗೆ ನೂರು ಎಚ್ಚರಿಕೆ ಹೇಳಿದ: ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಹರಿದರೆ ಎಸೆದುಬಿಡು, ನಡುವಿನ ಮೊಳೆ ಹೊರಗೆ ಚಾಚಿರದ ತಲೆಯನ್ನು ಕೂರಿಸಲೇಬೇಡ, ಶಾರ್ಟ್ ಆಗುತ್ತದೆ. ರುಫಿನೋ ಹೂಂಗುಟ್ಟಿದ. ಅವನ ಗಮನವೆಲ್ಲ ಕೊಳವೆಯ ಹೊಳಪಿನ ಮೇಲಿತ್ತು.

ಅದನ್ನು ಕಂಡ ಇನ್ನಿಬ್ಬರು ಅಂಥದ್ದೇ ಬೇಕೆಂದು ಬಂದರು: ಒಬ್ಬ ಕ್ಷೌರಿಕ, ಇನ್ನೊಬ್ಬ ಹಡಗಿನಲ್ಲಿ ಕೆಲಸ ಮಾಡುವ ಸೆಂಡೋಂಗ್. ಒಬ್ಬನಿಗೆ ಮಾಡಿಕೊಟ್ಟು ಇನ್ನೊಬ್ಬನಿಗೆ ಇಲ್ಲ ಎನ್ನುವುದು ಹೇಗೆ? ಹೆಂಡತಿ ಲೂಡಿಂಗ್ ಗೊಣಗಿದಳು, "ಊರಿಗೆಲ್ಲ ಹೂಂ, ನಾನು ಸೂರು ರಿಪೇರಿ ಮಾಡಿ ಅಂದ್ರೆ ಮಾತ್ರ ಊಹೂಂ."

ನಾಲ್ಕು ತಿಂಗಳಾದ ಮೇಲೆ ಪಕ್ಕದ ಊರಿನಲ್ಲಿ ಯಾರೋ ಮಾಡಿದ ಕೊಳವೆ ಸಿಡಿದು ಒಬ್ಬನ ದವಡೆ ಹಾರಿಹೋಯಿತು. ಬೋಯೊಂಗ್‌ಗೆ ತೂತಿಲ್ಲದ ತನ್ನ ಮೂರು ಕೊಳವೆಗಳು ನೆನಪಾದವು. ಕೊಟ್ಟದ್ದನ್ನು ವಾಪಸ್ ಕೇಳಿದರೆ ಮರ್ಯಾದೆಗೇಡು. ಕಾರಣ ಹೇಳಿದರೆ ಹೆಸರು ಮಣ್ಣುಪಾಲು. ಕೊಳವೆ ಕೊಳ್ಳುವವರು ಕೊಳ್ಳುವುದೇ ಹೆಸರನ್ನು. ಎರಡು ದಿನ ಒದ್ದಾಡಿ ರುಫಿನೋನ ಮನೆಗೆ ಹೋದ.

"ಪಾರೆ, ಅದನ್ನ ಒಂಚೂರು ಕೊಡು, ಪಾಲಿಶ್ ಹಾಕ್ಕೊಡ್ತೀನಿ."

"ಎಲ್ಲಿದೆ? ಡೆಲ್ಯೋ ಅರ್ಬೋರ್ ಅಂದ, ಕೊಟ್ಬಿಟ್ಟೆ."

ಅರ್ಬೋರ್ ಅಂದರೆ ಅದು ನನಗಿರಲಿ ಎಂದು; ಅಂದುಬಿಟ್ಟರೆ ಮುಗಿಯಿತು. ಗೆಳೆಯನ ಕೈಲಿರುವ ವಸ್ತು ನೋಡಿ ಆ ಮಾತೊಂದು ಆಡಿದರೆ, ಕೊಡದವನು ಜಿಪುಣ ಎನಿಸಿಕೊಳ್ಳುತ್ತಾನೆ. ಹಾಗೆ ವಸ್ತುಗಳು ಊರೂರು ಸುತ್ತುತ್ತವೆ.

ಡೆಲ್ಯೋ ಜೀಪ್ನಿ ಎಂಬ ಸಣ್ಣ ಬಸ್ಸಿನ ಚಾಲಕ. ಬೋಯೊಂಗ್ ಅವನ ಗಾಡಿಯನ್ನೇ ಹುಡುಕಿ ಹತ್ತಿ ಪಕ್ಕದ ಸೀಟಿನಲ್ಲಿ ಕುಳಿತ. ಹಿಂದೆ ಜನ ಮಂಡಿಗೆ ಮಂಡಿ ತಾಗಿಸಿ ತುಂಬಿದ್ದರು. ಮುಖ್ಯರಸ್ತೆಗೆ ಬರುತ್ತಿದ್ದಂತೆ ಗಾಡಿಗಳು ಸಾಲುಗಟ್ಟಿ ನಿಂತುಬಿಟ್ಟವು. ಡೆಲ್ಯೋ ಅಂಗಿ ಜೇಬಿನಿಂದ ಕೊಳವೆ ತೆಗೆದು ಒಂದು ದಮ್ಮು ಎಳೆದ. ಬೋಯೊಂಗ್ ಕೊಳವೆಯ ತಲೆಯನ್ನು ನೋಡಿದ. ಅದು ಅವನು ಕೊಟ್ಟದ್ದಲ್ಲ, ಬೀದಿ ಬದಿಯ ಅಗ್ಗದ ಮಾಲು.

"ಡೆಲ್ಯೋ, ಅರ್ಬೋರ್."

ಡೆಲ್ಯೋ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕರೂ ಹಿರಿಯನೆಂಬ ಗೌರವಕ್ಕೆ ಮಾಂಗ್ ಎನ್ನುವುದನ್ನು ಮರೆಯಲಿಲ್ಲ. "ಮಾಡಿದವರೇ ಅರ್ಬೋರಾ, ಮಾಂಗ್ ಬೋಯೊಂಗ್? ಬೇರೇನಾದ್ರೂ ಕೇಳಿ. ಇದ್ರಲ್ಲಿ ಮಾತೆ ಇದ್ದಾಳೆ. ಬಂದಾಗಿಂದ ಗಾಡಿಗೆ ಒಂದು ಗೀರೂ ಬಿದ್ದಿಲ್ಲ ನೋಡಿ. ಈಚೆಗೆ ಸ್ವಲ್ಪ ಬಿಸಿ ಆಗುತ್ತೆ. ಎದೆಗೆ ಬೆಚ್ಚಗಿರುತ್ತೆ ಬಿಡಿ," ಎಂದು ಕೊಳವೆಯನ್ನು ಎದೆಯ ಜೇಬಿಗೇ ಇಳಿಸಿದ.

ಮುಂದೆ ಬಸ್ಸು, ಪಕ್ಕದಲ್ಲಿ ಲಾರಿ, ಹಿಂದೆ ಇಪ್ಪತ್ತು ಜನರ ನಲವತ್ತು ಕಿವಿ. ಕನ್ನಡಿಯಲ್ಲಿ ನೋಡಿದರೆ ಅವನ ಗಿರಾಕಿಗಳೇ ಇಬ್ಬರು ಕುಳಿತಿದ್ದರು. ಪಿಸುಗುಟ್ಟಿದರೆ ಡೆಲ್ಯೋ ತಮಾಷೆ ಎಂದುಕೊಳ್ಳುತ್ತಾನೆ. ಇಳಿದು ಹೋಗಿಬಿಡಬಹುದಿತ್ತು. ಅವನ ಕೈ ಬಾಗಿಲಿನ ಹಿಡಿಯವರೆಗೂ ಹೋಯಿತು, ಸುಳ್ಳೇಕೆ ಹೇಳಲಿ. ಆಮೇಲೆ ವಾಪಸ್ ಬಂತು.

"ತೆಗಿಯೋ ಅದನ್ನ!" ಬೋಯೊಂಗ್ ಕೂಗಿದ. "ಅದು ಬಾಂಬು! ನಾನೇ ಮಾಡಿದ್ದು. ತೂತು ಬೇಕಿತ್ತು, ಗೊತ್ತಿದ್ದೂ ಕೊರೀಲಿಲ್ಲ ನಾನು!"

ಹಿಂದೆ ಯಾರೋ ಕಿರುಚಿದರು. ಬುಟ್ಟಿ, ಚೀಲ, ಮಕ್ಕಳೊಂದಿಗೆ ಜನ ರಸ್ತೆಗೆ ಧುಮುಕಿದರು. ಡೆಲ್ಯೋ ಕೊಳವೆ ಚಾಚಿದ. ಬೋಯೊಂಗ್ ಅದರ ತಲೆ ತಿರುಚಿ ತೆಗೆದು ಬ್ಯಾಟರಿಯನ್ನು ಅಂಗೈಗೆ ಸುರಿದುಕೊಂಡ. ಅಂಗೈ ಚುರ್ ಎಂದಿತು. ಮೇಲಿನ ಪ್ಲಾಸ್ಟಿಕ್ ಅಂಚಿನಲ್ಲಿ ಹರಿದಿತ್ತು. ಯಾರೋ ಪುಣ್ಯಾತ್ಮ ಟೇಪ್ ಅಂಟಿಸಿದ್ದ.

"ಮಾಂಗ್ ಬೋಯೊಂಗ್," ಡೆಲ್ಯೋ ಕೇಳಿದ, "ಇಂಥವು ಇನ್ನೆಷ್ಟು ಮಾಡಿದೀರಾ?"

"ಇನ್ನೆರಡು."

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕ್ಷೌರಿಕ ತನ್ನದನ್ನು ತಾನೇ ತಂದು ಬಾಗಿಲಲ್ಲಿಟ್ಟು ಹೋದ. ವಾಪಸ್ ಬಂದ ಎರಡಕ್ಕೂ ಬೋಯೊಂಗ್ ಬುಡದಲ್ಲಿ ಮೂರು ತೂತು ಕೊರೆದ. ಮಾತೆಯ ಪಾದದಲ್ಲಿ ತೂತು ಕೊರೆದನೆಂದು ರುಫಿನೋ ಮುಖ ತಿರುಗಿಸಿಕೊಂಡು ಓಡಾಡುತ್ತಾನೆ. ಆ ವರ್ಷ ಮಗನ ಹುಟ್ಟುಹಬ್ಬಕ್ಕೆ ಕರೆಯಲಿಲ್ಲ. ಬೋಯೊಂಗ್‌ಗೆ ಅದು ನೋಯುತ್ತದೆ, ಬಹಳ ನೋಯುತ್ತದೆ. ಕೊಳವೆಯ ಗಿರಾಕಿಗಳಂತೂ ಒಬ್ಬರೂ ಬರುವುದಿಲ್ಲ. ಈಗ ಅವನು ನೀರಿನ ಪಂಪುಗಳಿಗೆ ಬುಶ್ ಎಂಬ ಲೋಹದ ಬಳೆ ಕಡೆಯುತ್ತಾನೆ.

ಸೆಂಡೋಂಗ್ ಮಾತ್ರ ಹಡಗಿನಲ್ಲಿದ್ದ. ಲೂಡಿಂಗ್ ಅವನ ತಾಯಿಯ ಕೈಯಿಂದ ಫೋನ್ ಮಾಡಿಸಿದಳು. ಗೊರಗೊರ ಸದ್ದಿನ ನಡುವೆ ಅವನ ಉತ್ತರ ಬಂತು.

"ಅದಾ? ಯಾವ್ದೋ ಬಂದರಲ್ಲಿ ಒಬ್ಬ ಅರ್ಬೋರ್ ಅಂದ, ಕೊಟ್ಟೆ. ನಮ್ಮ ದೇಶದೋನೇ, ಬೇರೆ ಹಡಗಿನೋನು. ಹೆಸರು ಕೇಳ್ಲಿಲ್ಲ."

ಆಗಿನಿಂದ ಜೀಪ್ನಿ ಹತ್ತಿದರೆ ಬೋಯೊಂಗ್ ಯಾರ ಮುಖವನ್ನೂ ನೋಡುವುದಿಲ್ಲ. ಅಂಗಿಯ ಜೇಬುಗಳನ್ನು ನೋಡುತ್ತಾನೆ.