ತೂರಾಡುವವರ ಡಾಕ್ಟರು

ಡಾಕ್ಟರ ಎರಡೂ ಕಿವಿಗಳಲ್ಲಿ ಬಿಳಿ ಕೂದಲು ಗರಿಕೆಯ ಹಾಗೆ ಎದ್ದು ನಿಂತಿರುತ್ತಿತ್ತು. ಮಾತು ಕೇಳುವಾಗ ಬಲಗಿವಿಯ ಕೂದಲನ್ನು ಎರಡು ಬೆರಳಲ್ಲಿ ಹುರಿ ಮಾಡುತ್ತ ಕೂರುವುದು ಅವರ ಅಭ್ಯಾಸ. ಊರಿನವರ ಕಿವಿಯೊಳಗೆಲ್ಲ ಇಣುಕಿ ನೋಡುವ ಮನುಷ್ಯ ತನ್ನ ಕಿವಿಯನ್ನು ಕನ್ನಡಿಯಲ್ಲಿ ಒಮ್ಮೆಯೂ ನೋಡಿಕೊಂಡಿಲ್ಲವಲ್ಲ ಎಂದು ನನಗೆ ಮೊದಲ ದಿನವೇ ನಗು ಬಂದಿತ್ತು. ನಗುವ ಸ್ಥಿತಿಯಲ್ಲಿ ನಾನೇನೂ ಇರಲಿಲ್ಲ, ಅದು ಬೇರೆ ಮಾತು.

ಐವತ್ತರ ದಶಕದ ಕೊನೆ. ಜಯನಗರವನ್ನು ಇನ್ನೂ ಕಟ್ಟುತ್ತಲೇ ಇದ್ದರು. ಒಂದು ಮನೆ, ನಾಲ್ಕು ಖಾಲಿ ಸೈಟು, ಆಮೇಲೆ ಮರಳಿನ ರಾಶಿ, ಮತ್ತೊಂದು ಮನೆ. ನಮ್ಮದು ಬಾಡಿಗೆಯ ಎರಡು ಕೋಣೆ. ನನ್ನ ತವರು ಪಕ್ಕದ ಹೊಸಕೆರೆಹಳ್ಳಿ. ನಮ್ಮ ಯಜಮಾನರು ತ್ಯಾಗರಾಜನಗರದ ಕಡೆ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರು. ಊರಿಗೆಲ್ಲ ಮೇಷ್ಟ್ರಾದ್ದರಿಂದ ನಾನೂ ಅವರನ್ನು ಮೇಷ್ಟ್ರು ಎಂದೇ ಬರೆಯುತ್ತೇನೆ.

ಮೇಷ್ಟ್ರಿಗೆ ಕ್ಷಯ ಆಗಿತ್ತು. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, 'ಎದೆ ಖಾಯಿಲೆ' ಎನ್ನುತ್ತಿದ್ದೆವು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಸೊಂಟ ಗಟ್ಟಿಯಾಗುವಷ್ಟು ಇಂಜೆಕ್ಷನ್ ಚುಚ್ಚಿಸಿಕೊಂಡು ಬದುಕಿ ಬಂದರು. ಕೆಮ್ಮು ನಿಂತಿತು, ಮೈ ತುಂಬಿತು. ನಾನು ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬಂದೆ. ಆ ದೀಪ ಆರುವ ಮೊದಲೇ ಹೊಸ ಗ್ರಹಚಾರ ಶುರುವಾಯಿತು.

ಮೇಷ್ಟ್ರು ವಾಲತೊಡಗಿದರು. ಹಗಲಲ್ಲಿ ಹೇಗೋ ನಡೆಯುತ್ತಿದ್ದರು. ಹೊತ್ತು ಮುಳುಗಿತೋ, ರಸ್ತೆಯ ಆ ಬದಿಗೊಮ್ಮೆ ಈ ಬದಿಗೊಮ್ಮೆ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಧೊಪ್ಪನೆ ಬೀಳುತ್ತಿದ್ದರು. ನಡೆಯುವಾಗ ಅಂಗಡಿಯ ಬೋರ್ಡುಗಳು ಕುಣಿಯುತ್ತವೆ, ಓದಲಿಕ್ಕಾಗುವುದಿಲ್ಲ ಎನ್ನುತ್ತಿದ್ದರು. ಪಿತ್ತ ಎಂದರು ಎಲ್ಲರೂ. ನಿಂಬೆಹಣ್ಣು, ಜೀರಿಗೆ, ಶುಂಠಿ ಎಲ್ಲ ಆಯಿತು. ಆದರೆ ಬೀದಿಯವರು ಪಿತ್ತದ ಮಾತಾಡಲಿಲ್ಲ. ನಮ್ಮ ಪಕ್ಕದ ಮನೆಯಾಕೆ ಒಂದು ಸಂಜೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಏನ್ರೀ, ನಿಮ್ಮ ಮೇಷ್ಟ್ರು ತೂರಾಡ್ಕೊಂಡು ಬರ್ತಾವ್ರೆ, ಬಾಗಿಲು ತೆಗೀರಿ" ಎಂದಳು. ನನ್ನ ಮೈ ಉರಿದುಹೋಯಿತು. ಹುಟ್ಟಿದಾರಭ್ಯ ಕಾಫಿ ಬಿಟ್ಟು ಬೇರೇನೂ ಕುಡಿಯದ ಮನುಷ್ಯ!

ಆ ಮಾತು ನಮ್ಮ ಬೀದಿಯಿಂದ ಶಾಲೆಗೆ ಹೋಗಲು ತಡವಾಗಲಿಲ್ಲ. ಕುಡಿದು ಪಾಠಕ್ಕೆ ಬರುತ್ತಾರೆ ಎಂದು ಯಾರೋ ಹಚ್ಚಿಕೊಟ್ಟರು. ಮುಂದಿನ ಸಭೆಯಲ್ಲಿ ನಿಮ್ಮ ವಿಷಯ ತೀರ್ಮಾನ ಮಾಡುತ್ತೇವೆ ಎಂದು ಶಾಲೆಯ ಅಧ್ಯಕ್ಷರು ಹೇಳಿ ಕಳಿಸಿದರು. ಕೆಲಸ ಹೋದರೆ ಹೋಗಲಿ, ಕುಡುಕ ಎಂದು ಹೆಸರು ಹೊತ್ತ ಮೇಷ್ಟ್ರನ್ನು ಈ ಊರಿನ ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಮೇಷ್ಟ್ರು ಊಟ ಬಿಟ್ಟು ಗೋಡೆ ನೋಡುತ್ತ ಕೂತರು. ಆಗ ನಾನು ಅವರ ಕೈಹಿಡಿದು, ಮೂರು ಬೀದಿಯಾಚೆಗಿದ್ದ ಕಿವಿ ಡಾಕ್ಟರ ಮನೆಗೆ ಕರೆದುಕೊಂಡು ಹೋದೆ. ಕಾಲಿನ ಖಾಯಿಲೆಗೆ ಕಿವಿ ಡಾಕ್ಟರೇ ಎಂದು ನನ್ನ ಅಣ್ಣ ಹಂಗಿಸಿದ. ತಲೆಸುತ್ತಿನವರೆಲ್ಲ ಅಲ್ಲಿಗೇ ಹೋಗುತ್ತಾರೆ ಎಂದು ಹಾಲಿನವಳು ಹೇಳಿದ್ದಳು, ನನಗೆ ಅಷ್ಟು ಸಾಕಾಗಿತ್ತು.

ಡಾಕ್ಟರು ಹಗಲು ಆಸ್ಪತ್ರೆಯಲ್ಲಿ ದುಡಿದು, ಸಂಜೆ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ತಮ್ಮ ಸಂಶೋಧನೆ ಮಾಡುತ್ತಿದ್ದರು. ಕೋಣೆಯ ನಡುವೆ ಕ್ಷೌರದಂಗಡಿಯಿಂದ ತಂದ ಹಳೆಯ ತಿರುಗುವ ಕುರ್ಚಿ. ಅದಕ್ಕೆ ಸೈಕಲ್ ಶಾಪಿನವನಿಂದ ಹೊಸ ಬೇರಿಂಗ್ ಹಾಕಿಸಿದ್ದರು. ಅದರಲ್ಲಿ ಜನರನ್ನು ಕೂರಿಸಿ ಗಿರ್ರೆಂದು ತಿರುಗಿಸಿ, ನಿಲ್ಲಿಸಿ, ಕಣ್ಣುಗುಡ್ಡೆ ಹೇಗೆ ಓಡುತ್ತದೆಂದು ನೋಡುವುದು. ಯಾರೂ ಸಿಗದಿದ್ದರೆ ತಾವೇ ಕೂತು ಹೆಂಡತಿಯ ಕೈಲಿ ತಿರುಗಿಸಿಕೊಳ್ಳುವುದು. "ಬೇರೆಯವರ ಗಂಡಂದಿರಿಗೆ ಊಟ ಬಡಿಸಿದ್ರೆ ಒಳಗೆ ಉಳಿಯುತ್ತೆ, ಇವ್ರಿಗೆ ಬಡಿಸಿದ್ದು ಆ ಕುರ್ಚಿಗೇ ಅರ್ಪಣೆ" ಎಂದು ಆಕೆ ನನ್ನ ಮುಂದೆಯೇ ಬೈದರು. ಡಾಕ್ಟರು ಅದಕ್ಕೂ ತಲೆಯಾಡಿಸಿದರು.

ಬಂದವರಿಗೆಲ್ಲ ಅವರದು ಒಂದೇ ಮೊದಲ ಪ್ರಶ್ನೆ. "ತಲೆ ತಿರುಗುತ್ತೋ, ಮನೆ ತಿರುಗುತ್ತೋ?" ಎರಡಕ್ಕೂ ಬೇರೆ ಬೇರೆ ಕಾರಣ, ನಮ್ಮ ಜನ ಎಲ್ಲವನ್ನೂ ತಲೆಸುತ್ತು ಎಂದು ಒಂದೇ ಮೂಟೆಗೆ ಕಟ್ಟಿಬಿಡುತ್ತಾರೆ ಎಂದು ಅವರ ಸಿಟ್ಟು. ನಮಗಿಂತ ಮೊದಲು ಕೂತಿದ್ದ ಅಜ್ಜಿಯೊಬ್ಬಳು, "ತಲೇನೂ ತಿರುಗಲ್ಲ, ಮನೇನೂ ತಿರುಗಲ್ಲ ಡಾಕ್ಟ್ರೇ, ನನ್ನ ಸೊಸೆ ತಿರುಗ್ತಾಳೆ, ಬೀದಿಬೀದಿ" ಎಂದಳು. ಡಾಕ್ಟರು ನಗದೆ, "ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ ತಾಯಿ" ಎಂದರು.

ನಮ್ಮ ಸರದಿ ಬಂದಾಗ ಮೇಷ್ಟ್ರು, "ನಾನು ತೂರಾಡ್ತೀನಿ ಸಾರ್" ಎಂದರು. ಡಾಕ್ಟರು ಕಿವಿಯ ಕೂದಲಿನಿಂದ ಕೈ ತೆಗೆದರು.

"ಆ ಮಾತು ನನ್ನ ಕೋಣೇಲಿ ಬೇಡ. ಆ ಮಾತಿಗೆ ಹೆಂಡದ ವಾಸನೆ ಇದೆ. ನೀವು ವಾಲ್ತೀರಿ, ಅಷ್ಟೇ."

ಅಷ್ಟು ದಿನದಲ್ಲಿ ಯಾರೂ ನಮಗೆ ಅಂಥ ಮರ್ಯಾದೆ ಕೊಟ್ಟಿರಲಿಲ್ಲ. ನನ್ನ ಕಣ್ಣು ತುಂಬಿತು.

ಡಾಕ್ಟರು ಮೇಷ್ಟ್ರನ್ನು ಮಲಗಿಸಿ ಕಿವಿಗೆ ತಣ್ಣೀರು ಹುಯ್ದರು. ಹಾಗೆ ಮಾಡಿದರೆ ಎಂಥವರಿಗೂ ಲೋಕವೇ ಗಿರಗಿರನೆ ತಿರುಗುತ್ತದಂತೆ, ವಾಂತಿಯೂ ಆಗುತ್ತದಂತೆ. ಪಕ್ಕದಲ್ಲಿ ಬೇಸಿನ್ ಇಟ್ಟಿದ್ದರು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಐಸ್ ತರಿಸಿ ಅದರ ನೀರು ಹುಯ್ದರು. ಆಗಲೂ ಏನಿಲ್ಲ, ಕಣ್ಣು ಅಲುಗದೆ ಸೂರು ನೋಡುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. "ನೋಡಿದ್ರಾ, ನಮ್ಮವರ ಕಿವಿ ಎಷ್ಟು ಗಟ್ಟಿ!" ಎಂದೆ.

ಡಾಕ್ಟರು ಟವೆಲಿನಿಂದ ನಿಧಾನವಾಗಿ ಕೈ ಒರೆಸಿಕೊಂಡರು. "ಗಟ್ಟಿ ಅಲ್ಲಮ್ಮ. ಸತ್ತಿದೆ."

ಆಮೇಲೆ ಬಿಡಿಸಿ ಹೇಳಿದರು. "ಹೊರಗೆ ಗಾರೆಯವನ ಹತ್ರ ರಸಮಟ್ಟ ನೋಡಿದ್ದೀರಲ್ಲ, ಅದರಲ್ಲಿ ಗುಳ್ಳೆ ಓಡಾಡುತ್ತಲ್ಲ, ಗೋಡೆ ನೆಟ್ಟಗಿದೆಯೋ ಇಲ್ವೋ ಅಂತ ಹೇಳೋಕೆ? ಅಂಥದೊಂದು ನಮ್ಮೆಲ್ಲರ ಕಿವಿಯೊಳಗೂ ಇದೆ. ಮೇಷ್ಟ್ರಿಗೆ ಕೇಳೋದಕ್ಕೆ ತೊಂದರೆ ಇಲ್ಲ, ಆ ಮಟ್ಟ ಮಾತ್ರ ಎರಡೂ ಕಡೆ ಕೆಟ್ಟಿದೆ. ಎದೆಗೆ ಕೊಟ್ರಲ್ಲ, ಆ ಇಂಜೆಕ್ಷನ್ ಕೆಲವರಿಗೆ ಹೀಗೆ ಮಾಡುತ್ತೆ. ಈಗ ಇವರು ಕಣ್ಣಲ್ಲಿ ನೋಡ್ಕೊಂಡು ನಿಲ್ತಿದ್ದಾರೆ. ಕತ್ತಲಾದ್ರೆ ಅದೂ ಹೋಯ್ತು."

ನಾನು ಆ ಇಂಜೆಕ್ಷನ್ ಕೊಟ್ಟವರಿಗೆ ಬಾಯಿಗೆ ಬಂದಂತೆ ಶಾಪ ಹಾಕಿದೆ. ಡಾಕ್ಟರು ತಡೆದರು. "ಬೈಬೇಡಿ. ಅದು ಇಲ್ದಿದ್ರೆ ಇವರು ನನ್ನ ಬಾಗಿಲಿಗೆ ಬರ್ತಾನೇ ಇರ್ಲಿಲ್ಲ. ಜೀವ ಉಳೀತು, ಕಿವಿ ಸುಂಕ ಕಟ್ತು."

ವಾಸಿಯಾಗುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಒಳಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಒಂದು ಸುಳ್ಳಾದ್ರೂ ಹೇಳಬಾರದೇನ್ರೀ" ಎಂದು ಗೊಣಗಿದರು. ಅದೊಂದು ವಿದ್ಯೆ ಡಾಕ್ಟರಿಗೆ ಬರುತ್ತಿರಲಿಲ್ಲ.

ಅವರ ಸಂಶೋಧನೆಯೇ ಅದಾಗಿತ್ತು. ಇಂಜೆಕ್ಷನ್ ಪಡೆದವರನ್ನು ಹುಡುಕಿ ತಂದು, ಯಾರಿಗೆ ಯಾವಾಗ ವಾಲುವುದು ಶುರುವಾಯಿತು, ಮೊದಲೇ ಗೊತ್ತುಮಾಡಿಕೊಂಡು ನಿಲ್ಲಿಸಬಹುದಿತ್ತೇ ಎಂದು ನೋಡುತ್ತಿದ್ದರು. ಪ್ರತಿ ಸೂಜಿಗೂ ಮೊದಲು ರೋಗಿಯನ್ನು ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡಿ ಎಂದು ಕಂಡ ಕಂಡ ಡಾಕ್ಟರಿಗೆಲ್ಲ ಹೇಳುತ್ತಿದ್ದರು. ಜನ ರಕ್ತ ಕಾರಿ ಸಾಯುತ್ತಿರುವಾಗ ಇದೆಂಥ ಕಣ್ಣಾಮುಚ್ಚಾಲೆ ಎಂದು ಕೆಲವರು ನಕ್ಕರಂತೆ. ಆ ಕೆಲಸ ಎಲ್ಲಿ ಅಚ್ಚಾಯಿತೋ, ಆಯಿತೋ ಇಲ್ಲವೋ ನನಗೆ ತಿಳಿಯದು.

ಶಾಲೆಯ ಸಭೆಗೆ ಕರೆಯದಿದ್ದರೂ ಡಾಕ್ಟರು ಬಂದರು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ, ಬಾಗಿಲು ತೆರೆದೇ ಇತ್ತು. ಅಧ್ಯಕ್ಷರು ಜವಳಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಕೂರಲು ಊರಿಗೆಲ್ಲ ತೋರಿಸಿಕೊಂಡಿದ್ದ ಹೊಸ ತಿರುಗುವ ಕುರ್ಚಿ. ಡಾಕ್ಟರು ಕಿವಿ, ಇಂಜೆಕ್ಷನ್ ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

"ಕಿವಿ ಕೆಟ್ರೆ ಕೇಳ್ಸಲ್ಲ, ಒಪ್ತೀನಿ. ತೂರಾಡೋದು ಯಾಕೆ ಸ್ವಾಮಿ?"

ಡಾಕ್ಟರು, "ತಾವು ಯಾವತ್ತಾದ್ರೂ ಕುಡಿದಿದ್ದೀರಾ?" ಎಂದು ಕೇಳಿದರು.

"ಶಿವಶಿವಾ! ಏನ್ ಮಾತು ಅಂತ ಆಡ್ತೀರಿ!"

"ಸರಿ. ಕಾಲು ಮೇಲೆತ್ಕೊಳ್ಳಿ. ಕಣ್ಣು ಮುಚ್ಚಿ."

ಯಾಕೆಂದು ಕೇಳುವಷ್ಟರಲ್ಲಿ ಕುರ್ಚಿ ತಿರುಗತೊಡಗಿತ್ತು. ಚೆನ್ನಾಗಿಯೇ ತಿರುಗಿಸಿದರು. ನಿಲ್ಲಿಸಿ, "ಈಗ ಬಾಗಿಲ ತನಕ ನಡೀರಿ" ಎಂದರು. ಅಧ್ಯಕ್ಷರು ಬಾಗಿಲಿಗೆಂದು ಹೊರಟು ಹೋಗಿ ಮೂಲೆಯ ಬೀರುವನ್ನು ಅಪ್ಪಿಕೊಂಡರು. ಜವಾನ ಕಿಟಕಿಯಾಚೆ ಮುಖ ತಿರುಗಿಸಿಕೊಂಡ, ಅವನ ಭುಜ ಕುಣಿಯುತ್ತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಡಾಕ್ಟರೊಬ್ಬರೇ ನಗಲಿಲ್ಲ. ಅಧ್ಯಕ್ಷರ ಕೈ ಹಿಡಿದು ತಂದು ಕೂರಿಸಿ, "ತಾವು ಕುಡಿದಿಲ್ಲ, ಕಿವಿಯೊಳಗೆ ಸ್ವಲ್ಪ ಅಲುಗಾಡ್ತು ಅಷ್ಟೇ. ತಮ್ಮದು ಈಗ ಸರಿಹೋಗುತ್ತೆ, ಮೇಷ್ಟ್ರದು ಹೋಗಲ್ಲ. ಇರೋ ವ್ಯತ್ಯಾಸ ಇಷ್ಟೇ" ಎಂದರು.

ಅಧ್ಯಕ್ಷರು ಬಹಳ ಹೊತ್ತು ಮೇಜು ಹಿಡಿದು ಕೂತಿದ್ದರು. ಆಮೇಲೆ, "ಮೇಷ್ಟ್ರೇ, ಕತ್ತಲಾಗೋ ಮುಂಚೆ ಮನೆಗೆ ಹೋಗಿ ಬಿಡಿ, ಕೊನೇ ಪಾಠ ಬೇರೆಯವರು ನೋಡ್ಕೋತಾರೆ" ಎಂದರು. ಕೆಲಸ ಉಳಿಯಿತು.

ಅದಾದ ಮೇಲೆ ದಿನಾ ಇಳಿಹೊತ್ತಿನಲ್ಲಿ ಡಾಕ್ಟರು ಮೇಷ್ಟ್ರ ಜೊತೆ ನಡೆಯುವ ಅಭ್ಯಾಸ ಇಟ್ಟುಕೊಂಡರು. ಸತ್ತ ಕಿವಿಯ ಕೆಲಸವನ್ನು ಕಣ್ಣಿಗೂ ಪಾದಕ್ಕೂ ಕಲಿಸಬೇಕು ಎಂದು ಅವರ ಹಟ. ನಡೆಯುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು, ತಿರುಗಿಸುತ್ತ ಬೋರ್ಡು ಓದಬೇಕು. ಮೇಷ್ಟ್ರೊಬ್ಬರೇ ಮಾಡಿದರೆ ಜನ ನಗುತ್ತಾರೆಂದು ಡಾಕ್ಟರೂ ಮಾಡುತ್ತಿದ್ದರು. ಇಬ್ಬರು ದೊಡ್ಡ ಮನುಷ್ಯರು ಯಾರು ಏನು ಕೇಳಿದರೂ ಬೇಡ ಬೇಡ ಎನ್ನುವಂತೆ ತಲೆಯಾಡಿಸುತ್ತ ಹೋಗುವುದನ್ನು ನೋಡಲು ಬೀದಿಯ ಹೆಂಗಸರು ಅಕ್ಕಿ ಆರಿಸುವ ಮೊರ ತಂದು ಹೊರಗೇ ಕೂರುತ್ತಿದ್ದರು. ಪಕ್ಕದ ಮನೆಯಾಕೆಯೂ ಕೂರುತ್ತಿದ್ದಳು. ಬರಬರುತ್ತ ಅವಳೇ ಹೊಸಬರಿಗೆ, "ಅದು ಕುಡಿದಿರೋದಲ್ಲ ಕಣ್ರೀ, ಕಿವಿದು" ಎಂದು ತಿಳಿಸಿ ಹೇಳತೊಡಗಿದಳು. ಅವಳನ್ನು ಅಂದೇ ಕ್ಷಮಿಸಿದೆ ಎಂದು ಹೇಳಲಾರೆ, ಬಿಟ್ಟಿದ್ದ ಮಾತನ್ನು ಮತ್ತೆ ಶುರುಮಾಡಿದೆ, ಅಷ್ಟೇ.

ಮೇಷ್ಟ್ರು ಪೂರ್ತಿ ಸರಿಯಾಗಲಿಲ್ಲ. ಸುಧಾರಿಸಿದರು. ಅರವತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಡಾಕ್ಟರು ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ.

ನಾವು ಹೋದಾಗ ಚಟ್ಟ ಕಟ್ಟಿ ಆಗಿತ್ತು. ಹೊರುವವರು ಮುಂದೆ ಬಂದರು. ಮೇಷ್ಟ್ರೂ ಹೋಗಿ ನಿಂತರು. ಡಾಕ್ಟರ ತಮ್ಮ ಮೆಲ್ಲಗೆ, "ನೀವು ಬೇಡ ಮೇಷ್ಟ್ರೇ, ದಾರಿ ಸರಿಯಿಲ್ಲ, ಹೆಚ್ಚುಕಮ್ಮಿ ಆದ್ರೆ..." ಎಂದರು. ತಪ್ಪು ಮಾತೇನಲ್ಲ, ನನಗೂ ಅದೇ ಭಯ. ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಮರ್ಯಾದೆ ಇವತ್ತು ಇಡೀ ಬೀದಿಯ ಮುಂದೆ, ಅದೂ ಡಾಕ್ಟರ ಹೆಣದ ಜೊತೆಗೆ ನೆಲಕ್ಕೆ ಬಿದ್ದರೆ? ಬೇಡ ಬನ್ರೀ ಎಂದು ಕೂಗಬೇಕೆನಿಸಿತು. ಒಳಗಿಂದ ಡಾಕ್ಟರ ಹೆಂಡತಿಯ ದನಿ ಬಂತು. "ಅವರೇ ಹೊರಲಿ."

ಎತ್ತಿದರು. ಮೇಷ್ಟ್ರು ಮುಂದೆ, ಎಡಗಡೆ. ನಾನು ಗೇಟು ಹಿಡಿದು ನಿಂತೆ. ಜಲ್ಲಿ ಹರಡಿದ ರಸ್ತೆ, ಹಳ್ಳ, ದಿಣ್ಣೆ. ಅವರು ಅತ್ತ ವಾಲಲಿಲ್ಲ, ಇತ್ತ ವಾಲಲಿಲ್ಲ, ಬೀದಿಯ ಕೊನೆಯ ತಿರುವಿನವರೆಗೂ ನೆಟ್ಟಗೆ ನಡೆದರು. ಇಂಜೆಕ್ಷನ್‌ಗೆ ಮೊದಲು ಹೇಗೆ ನಡೆಯುತ್ತಿದ್ದರೋ ಹಾಗೆ.

ಮಧ್ಯಾಹ್ನ ಹಿಂದಿರುಗುವಾಗ ಒಬ್ಬರೇ ಬಂದರು, ಕಾಂಪೌಂಡ್ ಗೋಡೆಗಳನ್ನು ಒಂದೊಂದಾಗಿ ಹಿಡಿದುಕೊಂಡು. ತಲೆಯ ಮೇಲೆ ನೀರು ಹುಯ್ದೆ. ತಡೆಯಲಾರದೆ ಕೇಳಿಯೇಬಿಟ್ಟೆ, "ಹೋಗೋವಾಗ ಅಷ್ಟು ನೆಟ್ಟಗೆ ಹೇಗ್ರೀ ಹೋದ್ರಿ?"

ಮೇಷ್ಟ್ರು ಮುಖದ ನೀರು ಒರೆಸಿಕೊಳ್ಳಲಿಲ್ಲ. "ನಾನು ಅವರನ್ನ ಹಿಡ್ಕೊಂಡಿದ್ದೀನಿ ಅಂತ ನೀವೆಲ್ಲ ಅಂದ್ಕೊಂಡ್ರಿ" ಎಂದರು. "ಹಿಡ್ಕೊಂಡಿದ್ದು ಅವರು ಕಣೇ."