ಬಿದಿರು ತಟ್ಟೆಯ ಆಂಟೆನಾ

ನಮ್ಮದು ಸಾದಲಿಯ ಹತ್ತಿರ ರೇಷ್ಮೆಹುಳು ಸಾಕುವ ಮನೆ. ಹೋದ ಬೆಳೆಯ ಸಮಯದಲ್ಲಿ ಒಂಬತ್ತನೇ ತರಗತಿಯ ನನ್ನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು, ಗುರು ಶನಿಗಳನ್ನೆಲ್ಲ ದಾಟಿ ಹೋದ ಜನರಿಲ್ಲದ ನೌಕೆಯ ಮಾದರಿ ಮಾಡುತ್ತಿದ್ದಳು. ಕಂಡದ್ದನ್ನೆಲ್ಲ ಭೂಮಿಗೆ ತಿಳಿಸಲು ಅದಕ್ಕೊಂದು ದೊಡ್ಡ ದುಂಡು ಆಂಟೆನಾ ಇರುತ್ತದಂತೆ. ಅಟ್ಟದಲ್ಲಿದ್ದ, ಹುಳು ಸಾಕುವ ಹಳೆಯ ಬಿದಿರು ತಟ್ಟೆ ಇಳಿಸಿ, ಒಳಗೆಲ್ಲ ಬೆಳ್ಳಿ ಕಾಗದ ಅಂಟಿಸಿದಳು. ಸುಕ್ಕು ಕಂಡಲ್ಲೆಲ್ಲ ಚಮಚದ ಬೆನ್ನಿನಿಂದ ತೀಡುವುದೇ ಕೆಲಸ.

"ಶನಿ ಕಾಟ ಸಾಲ್ದೂಂತ ನೀನೇ ಹೋಗಿ ಮಾತಾಡಿಸ್ತೀಯೇನೇ?" ಎಂದರು ನಮ್ಮತ್ತೆ.

"ಅವ್ನು ಬರೋಕೆ ಮುಂಚೆ ನಾವೇ ನೋಡ್ಕೊಂಡ್ ಬಂದ್ಬಿಟ್ರೆ ಒಳ್ಳೇದಲ್ವಾ ಅಜ್ಜಿ?"

ಪ್ರದರ್ಶನದ ಹಿಂದಿನ ದಿನ, ಅವಳು ಶಾಲೆಗೆ ಹೋದ ಮೇಲೆ, ಹುಳುಗಳೆಲ್ಲ ಒಟ್ಟಿಗೇ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳು ಕಾಯುವುದಿಲ್ಲ. ಜಾಗ ಕೊಡದಿದ್ದರೆ ಕಂಡಲ್ಲಿ ನೂಲು ಸುರಿದು ಹಾಳಾಗುತ್ತದೆ. ಗೂಡು ಕಟ್ಟಿಸುವ ಚಂದ್ರಿಕೆಗಳು ಸಾಲಲಿಲ್ಲ. ಪಕ್ಕದ ಮನೆಯವರದೂ ಹಣ್ಣಾಗಿತ್ತು, ಕೇಳುವಂತಿರಲಿಲ್ಲ. ಕಣ್ಣು ಆ ತಟ್ಟೆಯ ಮೇಲೆ ಬಿತ್ತು. ಗೂಡಿಗೆ ಮುನ್ನ ಹುಳು ಉಚ್ಚೆ ಹೊಯ್ಯುತ್ತದೆ, ಅಡಿಯಲ್ಲಿ ಗಾಳಿಯಾಡಬೇಕು. ಕಾಗದವನ್ನು ಪರ್ರನೆ ಕಿತ್ತೆ. ಒಣ ರೆಂಬೆ ಹರಡಿ ಹುಳು ಬಿಟ್ಟೆ. ಆ ಹೊತ್ತಿನಲ್ಲಿ ನನಗೆ ಏನೂ ಅನ್ನಿಸಲಿಲ್ಲವಲ್ಲ, ಅದೇ ಈಗ ಚುಚ್ಚುವುದು.

ಸಂಜೆ ಬಂದವಳು ತಟ್ಟೆಯ ಮುಂದೆ ನಿಂತುಬಿಟ್ಟಳು. ಅಷ್ಟರಲ್ಲಿ ಹುಳುಗಳು ನೂಲು ಹಾಕತೊಡಗಿದ್ದವು. ಇನ್ನು ಅಲುಗಿಸುವಂತಿಲ್ಲ. ಈ ಮನೆಯಲ್ಲೇ ಹುಟ್ಟಿದವಳಿಗೆ ಅದನ್ನು ಹೇಳಿಕೊಡಬೇಕೇ? ಚಾಚಿದ ಕೈಯನ್ನು ತಾನೇ ಹಿಂದಕ್ಕೆಳೆದುಕೊಂಡಳು.

"ಸ್ಟೀಲ್ ತಟ್ಟೆ ಕೊಡ್ತೀನಿ ಕಣಮ್ಮ."

"ಭಾರ ಆಗ್ತದೆ, ನೌಕೆ ಕಡ್ಡಿ ತಡೆಯಲ್ಲ."

"ಆಂಟೆನಾ ಇಲ್ದಿದ್ರೆ ನೌಕೆ ಹೋಗಲ್ವೇನೇ?"

"ಹೋಗೋದು ಹೋಗ್ತದಮ್ಮ. ಮನೆಗೆ ಏನೂ ಹೇಳಕ್ಕಾಗಲ್ಲ, ಅಷ್ಟೆ."

ಮರುದಿನ ಮಾದರಿಯನ್ನು ಹಾಗೇ ಒಯ್ದಳು. ಸಂಜೆ ಬಂದು, ಕೈಕಾಲು ತೊಳೆದು, ಹುಳುವಿನ ಮನೆ ಗುಡಿಸಿದಳು. ಶಾಲೆಯಲ್ಲಿ ಏನಾಯಿತೆಂದು ಹೇಳಲಿಲ್ಲ. ಮೊದಲೆಲ್ಲ ಚಪ್ಪಲಿ ಬಿಡುವಷ್ಟರಲ್ಲೇ ಅಲ್ಲಿನದೆಲ್ಲ ಒದರಿಬಿಡುವವಳು.

ಗೂಡು ಚೆನ್ನಾಗಿ ಬಂತು. ಆ ತಟ್ಟೆಯ ಗೂಡುಗಳನ್ನು ಅವಳೇ ಬಿಡಿಸಿದಳು, ಒಂದೂ ನಲುಗದ ಹಾಗೆ. ಆಮೇಲೆ ನಾನು ತಟ್ಟೆ ತೊಳೆದು ಬಿಸಿಲಿಗಿಟ್ಟೆ. ಶಿಡ್ಲಘಟ್ಟದ ಅಂಗಡಿಯಿಂದ ಬೆಳ್ಳಿ ಕಾಗದದ ಸುರುಳಿ ತರಿಸಿ, ಎರಡನ್ನೂ ಅವಳ ಪುಸ್ತಕಗಳ ಪಕ್ಕ ಇಟ್ಟೆ. ಇನ್ನೂ ಅಲ್ಲೇ ಇವೆ. ಸುರುಳಿ ಬಿಚ್ಚಿಲ್ಲ. ಬೆಳಿಗ್ಗೆ ಅವಳು ಹೋದ ಮೇಲೆ ನಾನೇ ಧೂಳು ಒರೆಸಿ, ಇದ್ದ ಹಾಗೇ ಇಡುತ್ತೇನೆ.