ಪೆಟ್ಟಿಗೆಯಿಂದ ಹೊರಬಂದ ಕೈ ಅಂಬಮ್ಮನದು

ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇದೆ. ರಾಮನಗರದ ರೈಲು ಹಳಿಯಾಚೆಯ ಶೀಟಿನ ಶೆಡ್ಡಿನೊಳಗೆ ಉರಿಯುತ್ತಿರುವುದು ಎರಡೇ ಬಲ್ಬು. ಬೇಯುವ ರೇಷ್ಮೆಗೂಡಿನ ಹಬೆ ಅವನ್ನೂ ಮಸುಕು ಮಾಡಿದೆ. ಹತ್ತು ಬೇಸಿನ್‌ಗಳ ಸಾಲಿನಲ್ಲಿ ಮೂರನೆಯದರ ಮುಂದೆ ಅಂಬಮ್ಮ ಕುಳಿತಿದ್ದಾರೆ. ಬಿಸಿನೀರಲ್ಲಿ ತೇಲುವ ಗೂಡುಗಳ ಎಳೆ ಹುಡುಕಿ, ಎಂಟು ಹತ್ತು ಎಳೆ ಕೂಡಿಸಿ, ಮೇಲೆ ತಿರುಗುವ ರಾಟೆಗೆ ಕೊಡುವುದು ಅವರ ಕೆಲಸ. ಹಬೆಯಲ್ಲಿ ಎಳೆ ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೊರಳಿಸಿದಾಗ ಸಿಗುವ ಒಂದು ಸಣ್ಣ ತಡೆಯೇ ಅದರ ಗುರುತು.

ಅಂಬಮ್ಮನವರ ಬಲಗೈ ಬೆರಳುಗಳಿಗೆ ಈಗ ಆ ತಡೆ ತಿಳಿಯುತ್ತಿಲ್ಲ. ನಡುಬೆರಳಿನಿಂದ, ಎಡಗೈಯಿಂದ ಹುಡುಕುತ್ತಾರೆ. ಅದೂ ಆಗದಿದ್ದಾಗ ಪಕ್ಕದ ಬೇಸಿನ್ನಿನ ಬದ್ರುನ್ನೀಸಾ ಕೈ ಚಾಚಿ, ಒಂದು ಎಳೆ ಹಿಡಿದುಕೊಟ್ಟು ತಮ್ಮ ಕೆಲಸಕ್ಕೆ ಮರಳುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಹೀಗೆ ಹನ್ನೊಂದು ಸಲ ಆಗಿದೆ.

ಮೂವತ್ತೊಂಬತ್ತು ವರ್ಷದ ಅಂಬಮ್ಮ ಕೂಟಗಲ್‌ನವರು. ಗಂಡ ಲಕ್ಕಯ್ಯ ಇಪ್ಪತ್ತು ಕುರಿ ಕಾಯುತ್ತಾರೆ. ಮೊದಲ ಬಸ್ಸು ಹಿಡಿದು ರಾಮನಗರಕ್ಕೆ ಬರುವ ಅಂಬಮ್ಮ ನೂಲು ಬಿಚ್ಚಲು ಕುಳಿತು ಹದಿನೇಳು ವರ್ಷವಾಯಿತು. ದಿನಕ್ಕೆ ಏಳು ಕೆ.ಜಿ. ಗೂಡು. ಕೆ.ಜಿ.ಗೆ ಆರುನೂರರ ಮೇಲೆ ಗೂಡು ಬರುತ್ತವೆ. ಅಂದರೆ ದಿನವೊಂದಕ್ಕೆ ಕಡಿಮೆಯೆಂದರೂ ನಾಲ್ಕು ಸಾವಿರ ಸಲ ಎಳೆ ಹುಡುಕಬೇಕು. ಸಾತನೂರು, ಸೋಲೂರು ಕಡೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿವೆ. ಬಸ್ಸಿನ ಟಾಪಿನ ಮೇಲೂ ಗೂಡಿನ ಮೂಟೆ ಕಾಣದ ದಿನವಿಲ್ಲ. ಗೂಡು ಎಷ್ಟೇ ಬಂದರೂ, ಕೊನೆಗೆ ಅದು ಇಂಥ ಒಂದು ಕೈಗೆ ಬರಬೇಕು.

ಆ ಕೈಯನ್ನು ವಿವರಿಸಬೇಕು. ಮಣಿಕಟ್ಟಿನಿಂದ ಕೆಳಗೆ ಚರ್ಮ ಹೆಣದಂತೆ ಬಿಳಿಚಿದೆ. ಬೆರಳುಗಳು ನೀರುಂಡು ಸುಕ್ಕಾಗಿವೆ. ಉಗುರಿನ ಸುತ್ತ ಸೀಳುಗಳು. ಅಂಗೈಯಲ್ಲಿ ಒಂದು ಪದರ ಸುಲಿದು, ಇನ್ನೊಂದು ಬೆಳೆಯುವ ಮೊದಲೇ ಅದೂ ಸುಲಿದಿದೆ.

ಓದುಗರಲ್ಲಿ ಕೆಲವರು ಈ ಕೈಯನ್ನು ನೋಡಿರಬಹುದು. ಹೋದ ವರ್ಷ ತೆರೆಗೆ ಬಂದು ಮೂರು ವಾರ ಓಡಿದ ‘ಹಿಮದೂರಿನ ಒಡೆಯ’ ಚಿತ್ರದಲ್ಲಿ, ಮಂಜಿನಲ್ಲಿ ಹೂತುಹೋದ ಊರೊಂದರ ಪಾಳು ಮಹಲಿನಲ್ಲಿ ರಕ್ತ ಹೀರುವ ಪ್ರೇತವೊಂದು ಇದೆ. ಹಗಲು ಶವಪೆಟ್ಟಿಗೆಯಲ್ಲಿ ಮಲಗಿ, ಕತ್ತಲಾದ ಮೇಲೆ ಏಳುತ್ತದೆ. ಪೆಟ್ಟಿಗೆಯ ಮುಚ್ಚಳ ಸರಿದು ಮೊದಲು ಹೊರಬರುವುದು ಅದರ ಕೈ. ಆ ಕೈ ಅಂಬಮ್ಮನದು.

ಹಿಮದ ಆ ಊರನ್ನು ಕಟ್ಟಿದ್ದು ರಾಮನಗರದ ಬಂಡೆಗಳ ಬುಡದಲ್ಲಿ, ಅದೂ ಬೇಸಿಗೆಯ ಬಾಗಿಲಲ್ಲಿ. ನೆಲಕ್ಕೆ ಉಪ್ಪು ಸುರಿದರು, ಬಂಡೆಗೆ ಸುಣ್ಣ ಬಳಿದರು. ಎರಡು ಮಳೆಗಾಲ ಕಳೆದರೂ ಆ ಸುಣ್ಣ ಪೂರ್ತಿ ತೊಳೆದುಹೋಗಿಲ್ಲ. ಉಣ್ಣೆಯ ಕೋಟು ತೊಟ್ಟ ನಟರು ಬಿಸಿಲಿಗೆ ಬೆವರಿ, ಶಾಟು ಮುಗಿದೊಡನೆ ಕೋಟು ಬಿಚ್ಚಿ ಎಳನೀರಿಗೆ ಓಡುತ್ತಿದ್ದುದನ್ನು ನೋಡಿದವರು ಇನ್ನೂ ನೆನೆದು ನಗುತ್ತಾರೆ.

ಮಹಲಿಗೆ ಜೇಡರ ಬಲೆ ಬೇಕಿತ್ತು. ಅದಕ್ಕಾಗಿ ಜೂಟು, ಅಂದರೆ ನೂಲು ಬಿಚ್ಚಿದ ಮೇಲೆ ಉಳಿಯುವ ಸಿಕ್ಕುಸಿಕ್ಕಾದ ರೇಷ್ಮೆ, ಕೊಳ್ಳಲು ಸಿನಿಮಾ ಕಂಪನಿಯ ಮ್ಯಾನೇಜರ್ ಈ ಶೆಡ್ಡಿಗೆ ಬಂದ. ಜೂಟಿನ ಮೂಟೆ ಕಟ್ಟಿಸುತ್ತಿದ್ದವನ ಕಣ್ಣಿಗೆ ಅಂಬಮ್ಮನ ಕೈ ಬಿತ್ತು. ನಟನ ಕೈಗೆ ಮೇಣ, ಪೌಡರು ಮೆತ್ತಿ ಹೆಣದ ಕೈ ಮಾಡಲು ಅವರು ದಿನವೂ ಎರಡು ಗಂಟೆ ಕಳೆಯುತ್ತಿದ್ದರು. ಇಲ್ಲಿ ಯಾವುದೂ ಬೇಕಿರಲಿಲ್ಲ.

ಪ್ರೇತ ಗಂಡಸು. ಬಳೆ ತೆಗೆಯಬೇಕು ಎಂದರು. ಗಂಡ ಇರುವಾಗ ತೆಗೆಯುವುದಿಲ್ಲ ಎಂದು ಅಂಬಮ್ಮ ಹಟ ಹಿಡಿದರು. ಕೊನೆಗೆ ಗಾಜಿನ ಬಳೆಗಳನ್ನು ಮೊಳಕೈ ಕಡೆಗೆ ಸರಿಸಿ, ಬಟ್ಟೆ ಸುತ್ತಿ, ಮೇಲೆ ಕರಿ ಕೋಟಿನ ತೋಳು ತೊಡಿಸಿದರು. ನಾಲ್ಕು ದಿನ ಚಿತ್ರೀಕರಣ ನಡೆಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ತಮಾಷೆಯ ನೆನಪಾಗಿ ಉಳಿಯುತ್ತಿತ್ತು.

ಅದಾದ ಕೆಲವೇ ದಿನಕ್ಕೆ ಅಂಬಮ್ಮನವರಿಗೆ ಕಾಮಾಲೆಯಾಯಿತು. ಇಪ್ಪತ್ತಾರು ದಿನ ಊರಲ್ಲೇ ಮಲಗಿದರು. ಹದಿನೇಳು ವರ್ಷದಲ್ಲಿ ಅವರ ಕೈ ಅಷ್ಟು ದಿನ ಒಣಗಿದ್ದು ಅದೊಂದೇ ಸಲ. ಸೀಳು ಕೂಡಿದವು, ಚರ್ಮಕ್ಕೆ ಬಣ್ಣ ಬಂತು. ಕಾಯಿಲೆಗೂ ಬಹಳ ಮೊದಲೇ ಬೆರಳುಗಳ ಸ್ಪರ್ಶ ಮಂಕಾಗುತ್ತ ಬಂದಿತ್ತು. ಮುದ್ದೆ ಕಟ್ಟುವಾಗ ಎಲ್ಲರೂ ನೀರಲ್ಲಿ ಕೈ ಅದ್ದುತ್ತಾರೆ, ಅಂಬಮ್ಮ ಅದ್ದುತ್ತಿರಲಿಲ್ಲ. ಅತ್ತೆ ಅದನ್ನು ಸೊಸೆಯ ಗಟ್ಟಿತನ ಎಂದು ನೆಂಟರಲ್ಲಿ ಹೊಗಳುತ್ತಿದ್ದರು. ಅದು ಗಟ್ಟಿತನವಲ್ಲ ಎಂಬುದು ಅಂಬಮ್ಮನವರಿಗೂ ತಿಳಿದದ್ದು ಆ ಇಪ್ಪತ್ತಾರು ದಿನದಲ್ಲಿ, ಬೆರಳಿಗೆ ಸ್ಪರ್ಶ ಮರಳಿದಾಗ.

“ಕುರಿಮರಿ ಮೈ ಮ್ಯಾಲೆ ಕೈ ಆಡುಸ್ತಿದ್ದೆ. ಒಂದೊಂದ್ ಕೂದ್ಲೂ ಬ್ಯಾರೆ ಬ್ಯಾರೆ ಗೊತ್ತಾಯ್ತಿತ್ತು ಕಣಣ್ಣ,” ಎನ್ನುತ್ತಾರೆ. “ಮದ್ವೆಯಾದ ಹೊಸ್ದ್ರಲ್ಲಿ ಹಂಗೇ ಇತ್ತು ನನ್ ಕೈ. ಮರ್ತೇ ಹೋಗಿತ್ತು.”

ಅಷ್ಟರಲ್ಲಿ ಮ್ಯಾನೇಜರ್ ಜೀಪು ಹತ್ತಿ ಕೂಟಗಲ್‌ಗೆ ಬಂದ. ಪೆಟ್ಟಿಗೆಯ ದೃಶ್ಯದ ಫಿಲ್ಮು ಕೆಟ್ಟಿದೆ, ಮತ್ತೆ ತೆಗೆಯಬೇಕು ಎಂದ. ಅಂಬಮ್ಮ ಕೈ ಚಾಚಿ ತೋರಿಸಿದರು. ಆತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಬದುಕಿರುವವರ ಕೈ, ಕೆಲಸಕ್ಕೆ ಬಾರದು ಎಂದು ಜೀಪಿನತ್ತ ಹೊರಟ.

ನಾಲ್ಕು ದಿನ ಟೈಮು ಕೊಡಿ ಎಂದು ತಡೆದವರು ಅಂಬಮ್ಮನೇ. ಅದಕ್ಕೊಂದು ಕಾರಣವಿತ್ತು. ಮೊದಲ ಸಲದ ಚಿತ್ರೀಕರಣದಲ್ಲಿ ಮ್ಯಾನೇಜರ್ ಒಂದು ಮಾತು ಕೊಟ್ಟಿದ್ದ. ಸಿನಿಮಾದವರ ಚರ್ಮ ನೋಡುವ ದೊಡ್ಡ ಡಾಕ್ಟರೊಬ್ಬರು ಬೆಂಗಳೂರಲ್ಲಿದ್ದಾರೆ, ಕೆಲಸ ಮುಗಿದ ಮೇಲೆ ಅವರಿಗೆ ನಿಮ್ಮ ಕೈ ತೋರಿಸುತ್ತೇನೆ ಎಂದಿದ್ದ.

“ಕೈ ವಾಸಿಯಾದ್ರೂ ನಾನು ಮತ್ತೆ ಬೇಸಿನ್ನಿಗೇ ತಾನೇ ಹಾಕ್ಬೇಕು? ಆ ಡಾಕ್ಟ್ರು ಏನಾರ ಮುಲಾಮು ಕೊಟ್ರೆ ಕೈ ಹಿಂಗೇ ಉಳೀತದೆ, ಆಗಿದ್ದಾಗ್ಲಿ ಇದೊಂದ್ ಸಲ ಕೆಡಿಸ್ಕಳವ ಅಂದ್ಕಂಡೆ,” ಎನ್ನುತ್ತಾರೆ.

ಮರುದಿನವೇ ಬೇಸಿನ್ನಿಗೆ ಬಂದರು. ಆ ನಾಲ್ಕು ದಿನ ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೂ ಕುಳಿತರು. ನೀರನ್ನು ಮಾಮೂಲಿಗಿಂತ ಹೆಚ್ಚು ಕಾಯಿಸಿಕೊಂಡರು. ಹೊಸ ಚರ್ಮ ಬೇಗ ಸುಲಿಯಿತು. ಎರಡನೆಯ ದಿನ ನೀರಲ್ಲಿ ರಕ್ತ ಕಂಡು ಬದ್ರುನ್ನೀಸಾ ಬೈದರು. ಐದನೆಯ ದಿನ ಮ್ಯಾನೇಜರ್ ನೋಡಿ, ಮೊದಲಿಗಿಂತ ಚೆನ್ನಾಗಿದೆ ಎಂದ.

ಚಿತ್ರದಲ್ಲಿರುವುದು ಈ ಎರಡನೆಯ ಸಲದ ಕೈ. ಪೆಟ್ಟಿಗೆಯ ಮೇಲೆ ಬಲೆಯೆಂದು ಹರಡಿದ್ದು ರೇಷ್ಮೆಯ ಜೂಟು. ಅದನ್ನು ಹರಿದುಕೊಂಡು ಬಂದು ಮುಚ್ಚಳದ ಅಂಚನ್ನು ಗಬಕ್ಕನೆ ಹಿಡಿಯಬೇಕು ಎಂದು ನಿರ್ದೇಶಕರು ಹೇಳಿಕೊಟ್ಟಿದ್ದರು. ಅಂಬಮ್ಮನ ಕೈ ಹೊರಬಂತು, ರೇಷ್ಮೆಗೆ ತಾಗಿತು, ಅಲ್ಲೇ ನಿಂತಿತು. ಹೆಬ್ಬೆರಳು, ತೋರುಬೆರಳು ನಿಧಾನಕ್ಕೆ ಹೊರಳತೊಡಗಿದವು. ವರ್ಷಗಟ್ಟಲೆಯ ಅಭ್ಯಾಸ. ಪೆಟ್ಟಿಗೆಯೊಳಗೆ ಮಲಗಿದ್ದ ಅವರಿಗೆ ಬೆರಳು ಹೊರಳತೊಡಗಿದ್ದು ಮೊದಲು ತಿಳಿಯಲೂ ಇಲ್ಲ. ನಿರ್ದೇಶಕರು ನಿಲ್ಲಿಸಲಿಲ್ಲ. ಇಡೀ ಚಿತ್ರದಲ್ಲಿ ಜನ ಹೆಚ್ಚು ಹೆದರಿದ್ದು ಆ ಬೆರಳುಗಳಿಗೆ.

ಚಿತ್ರ ರಾಮನಗರಕ್ಕೆ ಬಂದಾಗ ಶೆಡ್ಡಿನ ಹೆಂಗಸರೆಲ್ಲ ಒಟ್ಟಿಗೆ ಹೋಗಿದ್ದರು. ಕೈ ಕಂಡೊಡನೆ ಟಾಕೀಸು ಚೀರಿತು. ಬೆರಳು ಹೊರಳಿದಾಗ ಇನ್ನೂ ಜೋರಾಗಿ ಚೀರಿತು. ಆ ಚೀರಾಟದ ನಡುವೆ ಹೆಂಗಸರ ಎರಡು ಸಾಲು ಮಾತ್ರ ಬಿದ್ದು ಬಿದ್ದು ನಕ್ಕಿತು. ಮೊದಲು ಕೂಗಿದವರು ಬದ್ರುನ್ನೀಸಾ: “ಅಯ್ಯೋ, ದೆವ್ವ ಎಳೆ ಹುಡುಕ್ತಾ ಐತೆ ಕಣ್ರೇ!”

ಈಗಲೂ ಆಕೆ ರೇಗಿಸುವುದನ್ನು ಬಿಟ್ಟಿಲ್ಲ. “ಅಂಬಕ್ಕ, ನಿನ್ ಕೈ ನೋಡಿ ಹೀರೋಯಿನ್ನೇ ಮೂರ್ಛೆ ಹೋದ್ಲು. ನಮ್ ಮಾಲೀಕ್ರು ಮಾತ್ರ ಮಿಸುಕಾಕಿಲ್ಲ ನೋಡು.”

ಚಿತ್ರದಲ್ಲಿ ಆ ಕೈ ಕಾಣುವುದು ಒಟ್ಟು ಒಂದು ನಿಮಿಷ ಹತ್ತು ಸೆಕೆಂಡು. ಆರಂಭದಲ್ಲಿ ಬರುವ ಅರವತ್ತೊಂದು ಹೆಸರುಗಳಲ್ಲಿ ಅಂಬಮ್ಮನ ಹೆಸರಿಲ್ಲ. ಮ್ಯಾನೇಜರ್ ಮತ್ತೆ ಬರಲಿಲ್ಲ. ಆತ ಬರೆದುಕೊಟ್ಟಿದ್ದ ಕಂಪನಿಯ ವಿಳಾಸದಲ್ಲಿ ಈಗ ಸೈಕಲ್ ಅಂಗಡಿಯಿದೆ. ಪೇಟೆಯ ವೈದ್ಯರೊಬ್ಬರು ಕೈ ನೋಡಿ, ಆರು ತಿಂಗಳು ನೀರು ಮುಟ್ಟಿಸಬೇಡಿ, ಆಮೇಲೂ ಸ್ಪರ್ಶ ಬಂದೀತೆಂದು ಹೇಳಲಾರೆ ಎಂದಿದ್ದಾರೆ. ಆರು ತಿಂಗಳು ಎಂಬ ಮಾತಿಗೆ ಅಂಬಮ್ಮ ಅಲ್ಲೇ ನಕ್ಕುಬಿಟ್ಟರಂತೆ.

ಶೆಡ್ಡಿನ ಮಾಲೀಕ ಅಪ್ಪಾಜಿ ಕೆಟ್ಟ ಮನುಷ್ಯರಲ್ಲ. ಬದ್ರುನ್ನೀಸಾ ಎಳೆ ಕೊಡುವುದೂ ಅವರಿಗೆ ಗೊತ್ತಿದೆ. ಆದರೆ ಮೂರನೆಯ ಬೇಸಿನ್ನಿನ ನೂಲು ಒಂದೇ ಸಮ ಬರುತ್ತಿಲ್ಲ ಎಂದು ಎರಡು ಸಲ ವಾಪಸ್ಸಾಗಿದೆ. “ಅಂಬಮ್ಮನ್ನ ಎಬ್ಬಿಸಾಕೆ ನಂಗೂ ಮನಸಿಲ್ಲ. ಏನ್ಮಾಡ್ಲಿ, ನೂಲು ಯಾರ್ ಮಾತೂ ಕೇಳಾಕಿಲ್ಲವಲ್ಲ,” ಎನ್ನುತ್ತಾರೆ. ಈ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಆಮೇಲೆ ಅಂಬಮ್ಮ ಶೆಡ್ಡಿನ ಹಿಂದಿನ ಮೂಲೆಗೆ ಹೋಗಬೇಕು. ಅಲ್ಲಿ ಬೆಂದು ಸತ್ತ ಹುಳುಗಳ ರಾಶಿಯಿಂದ ಜೂಟು ಬೇರ್ಪಡಿಸುವ ಕೆಲಸ. ಅದಕ್ಕೆ ಸ್ಪರ್ಶ ಬೇಕಿಲ್ಲ. ಕೂಲಿ ಅರ್ಧ. ಆ ಮೂಲೆಗೆ ಹೋದವರು ಬೇಸಿನ್ನಿಗೆ ಮರಳಿದ್ದನ್ನು ಇಲ್ಲಿ ಯಾರೂ ನೋಡಿಲ್ಲ. ಇನ್ನು ಹನ್ನೆರಡು ದಿನ ಉಳಿದಿದೆ.

ಸಂಜೆ ಐದೂವರೆಗೆ ರಾಟೆ ನಿಲ್ಲುತ್ತದೆ. ಅಂಬಮ್ಮ ಸೆರಗಿನಲ್ಲಿ ಕೈ ಒತ್ತಿ ಒರೆಸಿಕೊಳ್ಳುತ್ತಾರೆ. ಉಜ್ಜಿದರೆ ಚರ್ಮ ಬರುತ್ತದೆ. ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದರೆ ಡಾಕ್ಟರ ವಿಷಯವಾಗಲಿ, ಮಾಲೀಕರ ವಿಷಯವಾಗಲಿ ಎತ್ತುವುದಿಲ್ಲ. ಬಸ್ಸಿಗೆ ಹೊರಟವರು ಬಾಗಿಲಲ್ಲಿ ನಿಲ್ಲುತ್ತಾರೆ.

“ಆ ಪಿಚ್ಚರ್‌ನಾಗೆ ನನ್ ಕೈ ಹುಡುಕೋದ್ನ ಎಲ್ರೂ ನೋಡವ್ರೆ. ಎಳೆ ಸಿಕ್ತು ಕಣಣ್ಣ, ಆವತ್ತು. ಬೆರಳಿಗೆ ಸರಿಯಾಗಿ ಗೊತ್ತಾಯ್ತು. ಅಷ್ಟ್ರಲ್ಲಿ ಅವ್ರು ಕಟ್ ಮಾಡ್ಬುಟ್ಟವ್ರೆ. ಸಿಕ್ಕಿದ್ದ ಯಾರೂ ನೋಡ್ನಿಲ್ಲ. ಬರ್ಯಂಗಿದ್ರೆ ಅದೊಂದ್ ಬರ್ಕಳಿ.”